ಬ್ಯಾಟರಿಯ ಖರ್ಚು ಅಂಗಳದ ಒಡೆಯರದಾಗಲಿ

ಬೇ ಏರಿಯಾದ ಕನ್ನಡಿಗ ಮನೆಯೊಡೆಯರಿಗೆ ಒಂದು ಬಹಿರಂಗ ಪತ್ರ

ಬಂಧುಗಳೇ,

ಸನ್ನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್, ಸ್ಯಾನ್ ರಮೋನ್, ಡಬ್ಲಿನ್, ನೀವು ಎಲ್ಲೇ ಇರಿ. ಸ್ವಂತ ಮನೆ, ಮನೆಗೊಂದು ಅಂಗಳ, ಆ ಅಂಗಳಕ್ಕೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಂದುಹೋಗುವ ಗಾರ್ಡನರ್ ಇರುವ ಎಲ್ಲರಿಗೂ ಈ ಪತ್ರ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಅಂಗಳದಲ್ಲಿ ಓಡುವ ಪೆಟ್ರೋಲ್ ಯಂತ್ರಗಳ ಜಾಗಕ್ಕೆ ಬ್ಯಾಟರಿ ಯಂತ್ರಗಳು ಬರಬೇಕು. ಆ ಬದಲಾವಣೆಯ ಖರ್ಚು ಗಾರ್ಡನರ್ ತಲೆಯ ಮೇಲೆ ಬೀಳಬಾರದು, ನಮ್ಮ ಜೇಬಿನಿಂದ ಹೋಗಬೇಕು.

ನಾವು ನಾಲ್ಕು ಜನ ಸೇರಿದಲ್ಲಿ ಎಲೆ ಊದುವ ಬ್ಲೋವರ್ ಮಾತು ಬಂದೇ ಬರುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ಮೀಟಿಂಗ್ ನಡುವೆ ಅದರ ಅಬ್ಬರ, ಮಗುವನ್ನು ಮಲಗಿಸುವವರಿಗೆ ಮಧ್ಯಾಹ್ನದ ಕಾಟ, ಊರಿಂದ ಬಂದ ಅಪ್ಪ ಅಮ್ಮನಿಗೆ ಕಿಟಕಿ ತೆಗೆಯಲಾಗದ ಹೊಗೆ. ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಸಿಟಿಯವರು ಇದನ್ನು ನಿಲ್ಲಿಸಬೇಕು. ಸಿಟಿಯವರು ನಿಲ್ಲಿಸಲು ನೋಡಿಲ್ಲವೆಂದಲ್ಲ. ಕಾರ್ಮೆಲ್ ಪಟ್ಟಣ 1975ರಲ್ಲೇ ಬ್ಲೋವರ್ ನಿಷೇಧಿಸಿತು. ಲಾಸ್ ಆಲ್ಟೋಸ್ 1991ರಲ್ಲಿ ಪೆಟ್ರೋಲ್ ಬ್ಲೋವರ್ ಬೇಡವೆಂದಿತು, ಪಾಲೋ ಆಲ್ಟೋ 2005ರಲ್ಲಿ ವಸತಿ ಬಡಾವಣೆಗಳಲ್ಲಿ ಬೇಡವೆಂದಿತು. ಅಲ್ಲಿ ವಾಸವಿರುವ ನಮ್ಮವರನ್ನೇ ಕೇಳಿ ನೋಡಿ, ಸದ್ದು ಪೂರಾ ನಿಂತಿದೆಯೇ ಎಂದು. ನಿಷೇಧದ ಕಾಗದ ಸಿಟಿ ಹಾಲ್‌ನಲ್ಲಿರುತ್ತದೆ, ಹಳೆಯ ಯಂತ್ರ ಗಾರ್ಡನರ್ ಟ್ರಕ್ಕಿನಲ್ಲಿರುತ್ತದೆ. ಇವೆರಡರ ನಡುವೆ ಹಣ ಕೊಡುವ ಮೂರನೆಯವರು ನಾವು. ನಮ್ಮನ್ನು ಯಾರೂ ಏನೂ ಕೇಳಿಲ್ಲ.

ರಾಜ್ಯದ ಕಾನೂನಿನ ಬಗ್ಗೆಯೂ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಪೆಟ್ರೋಲ್ ಯಂತ್ರ ಬಳಸುವುದನ್ನೇ ಅದು ನಿಷೇಧಿಸಿದೆ ಎಂದು. 2021ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಎಬಿ 1346 ಮಸೂದೆಗೆ ಸಹಿ ಹಾಕಿದರು. ಅದರಂತೆ ಕ್ಯಾಲಿಫೋರ್ನಿಯಾದ ಏರ್ ರಿಸೋರ್ಸಸ್ ಬೋರ್ಡ್ ಅದೇ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಬ್ಲೋವರ್, ಟ್ರಿಮ್ಮರ್, ಮೋವರ್‌ಗಳ ಸಣ್ಣ ಎಂಜಿನ್‌ಗಳು 2024ರ ಮಾದರಿಯಿಂದ ಹೊಗೆ ಉಗುಳದಂಥವೇ ಆಗಿರಬೇಕು ಎಂಬುದು ಆ ನಿಯಮ. ಜನರೇಟರ್‌ಗಳಿಗೆ 2028ರವರೆಗೆ ಸಮಯವಿದೆ. 45 ಸಿಸಿ ಮೇಲ್ಪಟ್ಟ ಮರ ಕೊಯ್ಯುವ ಗರಗಸ ಯಂತ್ರಗಳು ಕೇಂದ್ರ ಸರ್ಕಾರದ ಕಾನೂನಿನ ವ್ಯಾಪ್ತಿಯವು, ಅವನ್ನು ರಾಜ್ಯ ಮುಟ್ಟುವಂತಿಲ್ಲ. ಮುಖ್ಯವಾದ ಮಾತು ಇಷ್ಟು: ಈ ನಿಯಮ ಹೊಸದಾಗಿ ತಯಾರಾಗುವ ಯಂತ್ರಕ್ಕೆ ಸಂಬಂಧಿಸಿದ್ದು. ಈಗಾಗಲೇ ಕೈಯಲ್ಲಿರುವ ಪೆಟ್ರೋಲ್ ಯಂತ್ರವನ್ನು ಬಳಸಲು ರಾಜ್ಯದ ತಡೆಯಿಲ್ಲ. ಒಳ್ಳೆಯ ಬ್ಲೋವರ್ ಕಾರ್ಬ್ಯುರೇಟರ್ ಬಿಚ್ಚಿ ಕಟ್ಟುತ್ತಾ ವರ್ಷಗಟ್ಟಲೆ ಬಾಳುತ್ತದೆ. ಕಾನೂನು ಅಂಗಡಿಯ ಕಪಾಟನ್ನು ಬದಲಿಸಿತು, ನಮ್ಮ ಬೀದಿಗೆ ಬರುವ ಟ್ರಕ್ಕನ್ನು ಬದಲಿಸಲಿಲ್ಲ.

ಇಷ್ಟು ಪುಟ್ಟ ಯಂತ್ರದಿಂದ ಅಂಥದ್ದೇನು ಆಗಿಬಿಡುತ್ತದೆ ಎಂದು ಕೇಳುವವರಿಗೆ ಆ ಮಸೂದೆಯಲ್ಲೇ ಬರೆದಿರುವ ಲೆಕ್ಕ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಣ್ಣ ಎಂಜಿನ್‌ಗಳು 1 ಕೋಟಿ 67 ಲಕ್ಷಕ್ಕೂ ಹೆಚ್ಚು. ರಾಜ್ಯದ ರಸ್ತೆಗಳ ಮೇಲಿನ ಕಾರುಗಳಿಗಿಂತ ಸುಮಾರು 30 ಲಕ್ಷ ಜಾಸ್ತಿ. ವೃತ್ತಿಯವರು ಬಳಸುವ ಬ್ಲೋವರ್ ಒಂದು ಗಂಟೆ ಓಡಿದರೆ, ಹೊಸ ಕಾರೊಂದು 1100 ಮೈಲಿ ಓಡಿದಾಗ ಬಿಡುವಷ್ಟು ಹೊಗೆಮಂಜು ಕಟ್ಟುವ ಅನಿಲ ಬಿಡಬಲ್ಲದು. ಇದು ಇಂಗಾಲದ ಡೈಆಕ್ಸೈಡ್ ಲೆಕ್ಕವಲ್ಲ ಎಂಬುದನ್ನು ನೆನಪಿಡಬೇಕು. ಬಿಸಿಲಿಗೆ ಓಜೋನ್ ಆಗಿ ಮಾರ್ಪಡುವ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳ ಲೆಕ್ಕ. ಹವಾಮಾನದ ದೃಷ್ಟಿಯಿಂದ ನಮ್ಮ ಕಾರು, ನಮ್ಮ ವಿಮಾನ ಪ್ರಯಾಣ ದೊಡ್ಡ ಬಾಬ್ತು. ಉಸಿರಾಟದ ದೃಷ್ಟಿಯಿಂದ ಈ ಪುಟ್ಟ ಎಂಜಿನ್ ದೊಡ್ಡದು.

ಕಾರಣ ಅದರ ಹೊಟ್ಟೆಯೊಳಗಿದೆ. ಬೆನ್ನಿಗೆ ಹೊರುವ ಬ್ಲೋವರ್, ಕೈ ಟ್ರಿಮ್ಮರ್‌ಗಳಲ್ಲಿ ಬಹಳಷ್ಟು ಟೂ ಸ್ಟ್ರೋಕ್ ಎಂಜಿನ್‌ಗಳು. ಬೆಂಗಳೂರಿನ ಹಳೆಯ ಆಟೋಗಳ ನೀಲಿ ಹೊಗೆ ನೆನಪಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಎಣ್ಣೆ ಬೆರೆಸಿದ ಪೆಟ್ರೋಲ್ ಸಿಲಿಂಡರಿಗೆ ನುಗ್ಗುವಾಗಲೇ ಹೊಗೆ ಹೋಗುವ ಬಾಗಿಲೂ ತೆರೆದಿರುತ್ತದೆ. ಒಳಬಂದ ಇಂಧನದಲ್ಲಿ ಸುಮಾರು ಶೇಕಡಾ 30ರಷ್ಟು ಉರಿಯದೆ ಹಾಗೇ ಹೊರಬೀಳುತ್ತದೆ. ಅದರಲ್ಲಿ ಬೆಂಜೀನ್ ಇರುತ್ತದೆ. ಕಾರಿಗೆ ಇರುವಂಥ ಹೊಗೆ ಶುದ್ಧಗೊಳಿಸುವ ಪೂರ್ಣ ವ್ಯವಸ್ಥೆ ಬೆನ್ನಿನ ಮೇಲೆ ಹೊರುವ ಯಂತ್ರಕ್ಕೆ ಇಲ್ಲ. ನಮ್ಮ ಕಣಿವೆಗಳ ಗಾಳಿ ಹೇಗೆ ಓಡುತ್ತದೆಂದು ಟ್ರೈ ವ್ಯಾಲಿಯವರಿಗೆ ಗೊತ್ತಿದೆ. ಬೇಸಿಗೆಯಲ್ಲಿ ಕಡಲ ಗಾಳಿ ಕೊಲ್ಲಿಯ ಸುತ್ತಲ ಹೊಗೆಯನ್ನೆಲ್ಲ ಪೂರ್ವಕ್ಕೆ ತಳ್ಳುತ್ತದೆ, ಗುಡ್ಡಗಳ ನಡುವೆ ಅದು ಸಿಕ್ಕಿ ಬಿಸಿಲಲ್ಲಿ ಬೇಯುತ್ತದೆ, ಲಿವರ್‌ಮೋರ್ ಕಡೆ ಓಜೋನ್ ಏರುತ್ತದೆ. ಕ್ಯುಪರ್ಟಿನೊದ ಅಂಗಳದ ಹೊಗೆಗೂ ಡಬ್ಲಿನ್‌ನ ಮಗುವಿನ ಇನ್‌ಹೇಲರಿಗೂ ಸಂಬಂಧ ಇದೆ.

ಆದರೆ ಆ ಹೊಗೆಯನ್ನು ಮೊದಲು ಕುಡಿಯುವವನು, ಯಂತ್ರ ಹೊತ್ತವನು. ನಮಗೆ ಹತ್ತು ನಿಮಿಷದ ಕಿರಿಕಿರಿ. ಅವನಿಗೆ ದಿನಪೂರ್ತಿ, ವಾರಪೂರ್ತಿ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ರಾಷ್ಟ್ರೀಯ ಸಂಸ್ಥೆ ನಿಯೋಶ್ ಎಂಟು ಗಂಟೆಯ ಕೆಲಸಕ್ಕೆ 85 ಡೆಸಿಬಲ್ ಮಿತಿ ಹೇಳುತ್ತದೆ. ಆಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಬೆನ್ನಿನ ಪೆಟ್ರೋಲ್ ಬ್ಲೋವರ್ ಹೊತ್ತವನ ಕಿವಿಯ ಹತ್ತಿರದ ಸದ್ದು ಆ ನೂರರ ಆಸುಪಾಸಿನದು. ಎಷ್ಟು ಜನ ಕಿವಿಗೆ ಮುಚ್ಚಳ ಹಾಕಿಕೊಂಡಿರುತ್ತಾರೆ, ಮುಂದಿನ ಸಲ ಗಮನಿಸಿ. ಇನ್ನು ಆ ಎಂಜಿನ್‌ನ ಸದ್ದಿನಲ್ಲಿ ಕೆಳಸ್ತರದ ಗುಂಯ್‌ಗುಟ್ಟುವಿಕೆ ಹೆಚ್ಚು. ಅದು ಗೋಡೆ, ಜೋಡಿ ಗಾಜಿನ ಕಿಟಕಿ ಯಾವುದಕ್ಕೂ ನಿಲ್ಲದು, ಮನೆಯೊಳಗೆ ಬಂದು ತಲೆಗೆ ಬಡಿಯುತ್ತದೆ. ಬ್ಯಾಟರಿ ಬ್ಲೋವರ್ ಕೂಡ ಸದ್ದು ಮಾಡುತ್ತದೆ, ಇಲ್ಲವೆನ್ನುವುದಿಲ್ಲ. ಅದರದು ಗಾಳಿಯ ಸೀಟಿಯಂಥ ಮೇಲುದನಿ, ದೂರ ಹೋದಂತೆ, ಗೋಡೆ ಅಡ್ಡ ಬಂದಂತೆ ಬೇಗ ಅಡಗುತ್ತದೆ. ಎರಡು ಮನೆಯಾಚೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಹಾಗಿದ್ದರೆ ಗಾರ್ಡನರ್‌ಗಳೇ ಯಾಕೆ ಬದಲಾಯಿಸುವುದಿಲ್ಲ? ಇದಕ್ಕೆ ಉತ್ತರ ಬೇಕಾದರೆ 1998ರ ಜನವರಿಯ ಲಾಸ್ ಏಂಜಲೀಸನ್ನು ನೆನೆಯಬೇಕು. ವಸತಿ ಮನೆಗಳ 500 ಅಡಿಯೊಳಗೆ ಪೆಟ್ರೋಲ್ ಬ್ಲೋವರ್ ಓಡಿಸಬಾರದು ಎಂದು ಆ ನಗರ ಕಾನೂನು ಮಾಡಿತ್ತು. ಮೊದಲು ಇಟ್ಟ ಶಿಕ್ಷೆ ಸಾವಿರ ಡಾಲರ್ ದಂಡ, ಆರು ತಿಂಗಳವರೆಗೆ ಜೈಲು. ಹೆಚ್ಚಿನವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ವಲಸಿಗರಾಗಿದ್ದ ಗಾರ್ಡನರ್‌ಗಳು ಸಂಘಟಿತರಾಗಿ ಸಿಟಿ ಹಾಲ್ ಮುಂದೆ ಉಪವಾಸ ಕೂತರು. ಹೊಗೆ ತಮಗೆ ಒಳ್ಳೆಯದೆಂದು ಅವರು ಕೂತದ್ದಲ್ಲ. ಪೊರಕೆ ಹಿಡಿದರೆ ದಿನಕ್ಕೆ ಅಷ್ಟೇ ಮನೆ ಮುಗಿಯುವುದಿಲ್ಲ, ಮನೆಯವರು ಒಂದು ಡಾಲರ್ ಜಾಸ್ತಿ ಕೊಡುವುದಿಲ್ಲ, ನಷ್ಟವೆಲ್ಲ ತಮಗೇ ಎಂಬುದು ಅವರ ದುಃಖ. ನಗರ ಕೊನೆಗೆ ಜೈಲಿನ ಮಾತು ಕೈಬಿಟ್ಟು ದಂಡ ಇಳಿಸಿತು, ನಿಷೇಧ ಉಳಿಯಿತು. ಆ ಇಡೀ ಜಗಳದಲ್ಲಿ ಮನೆಯೊಡೆಯರಿಗೆ ಸದ್ದಿಲ್ಲದ ಬೀದಿ ಬೇಕಿತ್ತು. ಅದರ ಬೆಲೆಯನ್ನು ಮಾತ್ರ ಬೇರೆಯವರು ತೆರಬೇಕಿತ್ತು.

ನಾವೂ ದುಡಿಯಲು ದೂರದಿಂದ ಬಂದವರು. ವೀಸಾ, ಹಸಿರು ಕಾರ್ಡು, ಕೆಲಸದ ಭದ್ರತೆ ಇಲ್ಲದ ದಿನಗಳು ನಮಗೆ ಹೊಸದಲ್ಲ. ನಮ್ಮ ಅಂಗಳಕ್ಕೆ ಬರುವವರ ಬದುಕು ಅದಕ್ಕಿಂತ ಎಷ್ಟೋ ಪಾಲು ಇಕ್ಕಟ್ಟಿನದು. 1998ರ ಆ ಜಗಳ ನಮ್ಮ ಬೀದಿಗಳಲ್ಲಿ ಇನ್ನೊಮ್ಮೆ ನಡೆಯುವುದು ನನಗೆ ಬೇಡ.

ಸರ್ಕಾರ ಏನೂ ಕೊಡಲಿಲ್ಲವೆಂದಲ್ಲ. ಕಾನೂನಿನ ಜೊತೆಗೇ ಸಣ್ಣ ತೋಟಗಾರಿಕೆ ಉದ್ಯಮಗಳಿಗೆ, ಒಂಟಿಯಾಗಿ ದುಡಿಯುವವರಿಗೆ ಯಂತ್ರ ಬದಲಿಸಲೆಂದು 3 ಕೋಟಿ ಡಾಲರ್ ಇಡಲಾಯಿತು. ಅಂಗಡಿಯಲ್ಲೇ ಬೆಲೆ ಕಡಿತವಾಗುವಂತೆ ವೋಚರ್ ಕೊಟ್ಟರು. ಆದರೆ ನೋಂದಣಿ, ಕಾಗದಪತ್ರ, ತೆರಿಗೆ ಸಂಖ್ಯೆ ಎಲ್ಲ ಸರಿಯಿರುವವರಿಗೆ ಆ ದಾರಿ ಸುಲಭ. ಒಂದು ಟ್ರಕ್ಕು, ಒಬ್ಬ ತಮ್ಮ, ಬಾಯಿಮಾತಿನ ಮೇಲೆ ನಡೆಯುವ ಮೂವತ್ತು ನಲವತ್ತು ಮನೆ, ಇಷ್ಟೇ ಬಂಡವಾಳವಿರುವವರಿಗೆ ಸುಲಭವಲ್ಲ.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಹೆಚ್ಚಿನವರು ಎಂಜಿನಿಯರ್‌ಗಳು, ಲೆಕ್ಕ ಕಂಡರೆ ಒಪ್ಪುವವರು. ಒಂದು ಗ್ಯಾಲನ್ ಪೆಟ್ರೋಲ್‌ನಲ್ಲಿ 33.7 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ಇದೆ. ಅಂಗಡಿಯಲ್ಲಿ ಸಿಗುವ 56 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 280 ವ್ಯಾಟ್ ಗಂಟೆ. ಗ್ಯಾಲನ್ನಿನ ನೂರರಲ್ಲಿ ಒಂದು ಪಾಲೂ ಅಲ್ಲ. ಸಣ್ಣ ಎಂಜಿನ್ ಪೆಟ್ರೋಲ್‌ನ ಬಹುಪಾಲನ್ನು ಬಿಸಿಯಾಗಿ, ಹೊಗೆಯಾಗಿ ಹಾಳುಮಾಡುತ್ತದೆ, ಮೋಟರು ಬ್ಯಾಟರಿಯ ಬಹುಪಾಲನ್ನು ಕೆಲಸಕ್ಕೆ ಹಚ್ಚುತ್ತದೆ, ಹಾಗಾಗಿ ಅಂತರ ಅಷ್ಟು ಭೀಕರವಲ್ಲ. ಆದರೂ ದೊಡ್ಡದೇ. ಅಂಗಳದ ಯಂತ್ರಗಳಲ್ಲಿ ಬ್ಲೋವರ್‌ನಷ್ಟು ಹಸಿವಿನದು ಇನ್ನೊಂದಿಲ್ಲ. ಪೂರ್ಣ ವೇಗದಲ್ಲಿ ಆ 280 ವ್ಯಾಟ್ ಗಂಟೆ ಹತ್ತು ಹನ್ನೆರಡು ನಿಮಿಷಕ್ಕೆ ಖಾಲಿ. ಮಧ್ಯಮ ವೇಗದಲ್ಲಿ ಇಪ್ಪತ್ತು ನಿಮಿಷ ದಾಟುತ್ತದೆ.

ದಿನಕ್ಕೆ ಹತ್ತು ಮನೆ ಮಾಡುವ ಗಾರ್ಡನರ್ ಮನೆಗೆ ಹತ್ತು ನಿಮಿಷ ಬ್ಲೋವರ್ ಹಿಡಿದರೂ ನೂರು ನಿಮಿಷ. ಅದಕ್ಕೆ ಇಂಥ ಐದು ಬ್ಯಾಟರಿ ಬೇಕು, ಒಂದೊಂದಕ್ಕೆ ಮುನ್ನೂರು ಡಾಲರ್ ಹತ್ತಿರ. ಬೆನ್ನಿಗೆ ಕಟ್ಟಿಕೊಳ್ಳುವ ದೊಡ್ಡ ಬ್ಯಾಟರಿಗೆ ಹೋದರೆ ಅದೊಂದೇ ಸಾವಿರ ಡಾಲರ್ ದಾಟುತ್ತದೆ. ಅವನ ಪೆಟ್ರೋಲ್ ಬ್ಲೋವರ್ ಐದಾರು ನೂರಕ್ಕೆ ಬಂದದ್ದು, ಡಬ್ಬಿಯಿಂದ ಪೆಟ್ರೋಲ್ ಹುಯ್ದರೆ ಮತ್ತೆ ಶುರು. ಅವನಿಗೆ ಬ್ಯಾಟರಿ ದುಬಾರಿ ಎನ್ನಿಸುವುದು ಹಟಮಾರಿತನವಲ್ಲ, ಸರಿಯಾದ ಲೆಕ್ಕ.

ಅದೇ ಲೆಕ್ಕವನ್ನು ನಮ್ಮ ಗೇಟಿನ ಕಡೆಯಿಂದ ನೋಡಿ. ಗಾರ್ಡನರ್‌ಗೆ ಬೇಕಾದದ್ದು ನೂರು ನಿಮಿಷದ ಗಾಳಿ. ನಮ್ಮ ಮನೆಗೆ ಬೇಕಾದದ್ದು ಹತ್ತೇ ನಿಮಿಷದ್ದು. ಒಂದು ಬ್ಲೋವರ್, ಒಂದು ಬ್ಯಾಟರಿ, ಒಂದು ಚಾರ್ಜರ್ ನಮ್ಮ ಗ್ಯಾರೇಜಿನಲ್ಲಿದ್ದರೆ ಮುಗಿಯಿತು. ವಾರವಿಡೀ ಅದಕ್ಕೆ ಚಾರ್ಜ್ ಆಗಲು ಸಮಯವಿದೆ. ಯೂನಿಟ್ಟಿಗೆ ಐವತ್ತು ಸೆಂಟ್ ಎಂದು ಹಿಡಿದರೂ ಒಂದು ಸಲ ತುಂಬಲು ಹದಿನೈದು ಸೆಂಟ್ ಆಗುವುದಿಲ್ಲ. ಹತ್ತು ಮನೆಯ ಹತ್ತು ಬ್ಯಾಟರಿ ಆಯಾ ಮನೆಯಲ್ಲೇ ಕಾದಿದ್ದರೆ ಗಾರ್ಡನರ್ ಟ್ರಕ್ಕಿನಲ್ಲಿ ಒಂದೂ ಹೊರಬೇಕಿಲ್ಲ. ಇಡೀ ಪತ್ರದಲ್ಲಿ ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ: ಮನೆಗೆ ಒಂದು ಬ್ಯಾಟರಿ ಬ್ಲೋವರ್ ತಂದಿಟ್ಟು, ನಮ್ಮ ಅಂಗಳದಲ್ಲಿ ಇದನ್ನೇ ಬಳಸಿ ಎಂದು ಗಾರ್ಡನರ್ ಕೈಗೆ ಕೊಡಿ. ಮೋವರ್, ಹೆಡ್ಜ್ ಕತ್ತರಿಸುವ ಯಂತ್ರಗಳಿಗೆ ಈ ಉಪಾಯ ಹೊಂದುವುದಿಲ್ಲ. ಅಲಗಿನ ಯಂತ್ರ ಅವರವರ ಕೈಗೆ ಪಳಗಿರಬೇಕು, ಅದನ್ನು ಹರಿತ ಮಾಡಿಕೊಳ್ಳುವುದೂ ಅವರದೇ ಕ್ರಮದಲ್ಲಿ ಆಗಬೇಕು. ಬ್ಲೋವರ್ ಹಾಗಲ್ಲ, ಗುಂಡಿ ಒತ್ತಿದರೆ ಗಾಳಿ.

ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಅಕ್ಷರ ನಂಬಬೇಡಿ. ಗಂಟೆಗೆ ಇಷ್ಟು ಮೈಲಿ ವೇಗ ಎಂದು ಕಣ್ಣು ಕುಕ್ಕುವಂತೆ ಬರೆದಿರುತ್ತಾರೆ. ಮೂತಿ ಸಣ್ಣದು ಮಾಡಿದರೆ ಯಾವ ಬ್ಲೋವರ್‌ನ ವೇಗವೂ ಏರುತ್ತದೆ. ಎಲೆ ಸರಿಸಲು ವೇಗವೂ ಬೇಕು, ಗಾಳಿಯ ಮೊತ್ತವೂ ಬೇಕು. ಎರಡೂ ಕೂಡಿದ ತಳ್ಳುವ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ, ಅದನ್ನು ಹುಡುಕಿ. ಹದಿನೈದರಿಂದ ಇಪ್ಪತ್ತು ನ್ಯೂಟನ್ ಇದ್ದರೆ ನಮ್ಮ ಐದಾರು ಸಾವಿರ ಚದರಡಿ ನಿವೇಶನಗಳಿಗೆ ಧಾರಾಳ. ವೋಲ್ಟ್ ಸಂಖ್ಯೆಯೂ ಹಾಗೇ. 20 ವೋಲ್ಟ್ ಎಂದು ಮಾರುವುದು ಬಳಕೆಯಲ್ಲಿ 18 ವೋಲ್ಟ್, 40 ಎಂದು ಮಾರುವುದು 36. ಪೂರ್ತಿ ತುಂಬಿದ ಕ್ಷಣದ ಸಂಖ್ಯೆಯನ್ನು ಮುಂದಿಡುತ್ತಾರೆ. ಹೋಲಿಸಲು ಸರಿಯಾದ ಅಳತೆ ವ್ಯಾಟ್ ಗಂಟೆ. ಅದು ಬ್ಯಾಟರಿಯ ಮೈಮೇಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬ್ರಷ್ ಇಲ್ಲದ ಮೋಟರ್ ಇರುವುದನ್ನೇ ಆರಿಸಿ; ಬಾಳಿಕೆ ಹೆಚ್ಚು, ಬಿಸಿ ಕಡಿಮೆ. ಯಂತ್ರದ ಬೆಲೆ ನೋಡಿ ಮರುಳಾಗುವ ಮುನ್ನ ಬಿಡಿ ಬ್ಯಾಟರಿಯ ಬೆಲೆ ಕೇಳಿ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲವಾದ್ದರಿಂದ, ಮೊದಲು ಕೊಂಡ ಬ್ಯಾಟರಿಯೇ ಮುಂದಿನ ಯಂತ್ರಗಳನ್ನೂ ನಿರ್ಧರಿಸುತ್ತದೆ.

ಆದ್ದರಿಂದ ಬೀದಿಯ ಅಕ್ಕಪಕ್ಕದವರೊಡನೆ ಮಾತಾಡಿ, ಒಬ್ಬನೇ ಗಾರ್ಡನರ್ ಬರುವ ನಾಲ್ಕೈದು ಮನೆಯವರು ಒಂದೇ ಕಂಪನಿಯದನ್ನು ಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಮೊದಲು ಅವನ ಹತ್ತಿರ ಈಗಾಗಲೇ ಯಾವುದಾದರೂ ಕಂಪನಿಯ ಬ್ಯಾಟರಿ ಡ್ರಿಲ್ಲೋ ಟ್ರಿಮ್ಮರೋ ಇದೆಯೇ ಕೇಳಿ. ಇದ್ದರೆ ಅದೇ ನಮ್ಮ ಆಯ್ಕೆಯಾಗಬೇಕು. ಒಂದು ಮನೆಯ ಬ್ಯಾಟರಿ ಕೈಕೊಟ್ಟ ದಿನ ಇನ್ನೊಂದು ಮನೆಯದು ಒದಗುತ್ತದೆ.

ಬ್ಲೋವರ್ ನಂತರದ ಸರದಿ ಹೆಡ್ಜ್ ಟ್ರಿಮ್ಮರ್‌ನದು. ಅದು ಬಹಳ ಕಡಿಮೆ ಕರೆಂಟ್ ತಿನ್ನುತ್ತದೆ, ಒಂದು ಬ್ಯಾಟರಿಯಲ್ಲಿ ಹಲವು ಮನೆಗಳ ಬೇಲಿ ಮುಗಿಯುತ್ತದೆ. ಆಮೇಲೆ ದಾರ ಸುತ್ತುವ ಟ್ರಿಮ್ಮರ್. ಮೋವರ್‌ಗೆ ಅವಸರವಿಲ್ಲ, ಅದರದು ಹೆಚ್ಚಾಗಿ ಫೋರ್ ಸ್ಟ್ರೋಕ್ ಎಂಜಿನ್, ಟೂ ಸ್ಟ್ರೋಕ್‌ನಷ್ಟು ಕೊಳಕಲ್ಲ, ಸವೆದು ಹೋದಾಗ ಬದಲಿಸಿದರಾಯಿತು. ಈ ಯಂತ್ರಗಳನ್ನು ಗಾರ್ಡನರ್ ತನಗಾಗಿ ಕೊಳ್ಳಬೇಕು, ನಾವು ಅದಕ್ಕೆ ಹಣ ಸೇರಿಸಬೇಕು. ಹೇಗೆ? ನಾಲ್ಕೈದು ಮನೆಯವರು ಒಮ್ಮೆಗೆ ಇನ್ನೂರು ಇನ್ನೂರೈವತ್ತು ಡಾಲರ್ ಹಾಕಿದರೆ ಒಂದು ಒಳ್ಳೆಯ ಟ್ರಿಮ್ಮರ್, ಎರಡು ಬ್ಯಾಟರಿ, ವೇಗದ ಚಾರ್ಜರ್ ಬಂದುಬಿಡುತ್ತದೆ. ಅದು ಅವನದೇ ಆಗಲಿ. ನಮ್ಮ ಮನೆ ಬಿಟ್ಟು ಬೇರೆ ಬೀದಿಯಲ್ಲಿ ಬಳಸಿದರೆ ನಮಗೇನು ನಷ್ಟ? ಆ ಬೀದಿಯ ಹೊಗೆಯೂ ನಮ್ಮದೇ.

ಚಾರ್ಜಿಂಗ್ ಬಗ್ಗೆ ಒಂದು ಮಾತು. ಗಾರ್ಡನರ್ ತನ್ನ ಬ್ಯಾಟರಿಯನ್ನು ನಮ್ಮ ಹೊರಗಿನ ಪ್ಲಗ್ಗಿಗೆ ಹಾಕಿಕೊಳ್ಳಲು ಅನುಮತಿ ಕೇಳುವ ಸ್ಥಿತಿ ಇರಬಾರದು. ನಾವೇ ತೋರಿಸಿ ಹೇಳಬೇಕು. ನಮ್ಮ ಸಾಮಾನ್ಯ 15 ಆಂಪಿಯರ್ ಸರ್ಕ್ಯೂಟ್ 1800 ವ್ಯಾಟ್ ತಾಳುತ್ತದೆ, ಬಿಡುವಿಲ್ಲದ ಬಳಕೆಗೆ 1440 ವ್ಯಾಟ್ ಎಂದು ಹಿಡಿಯಬೇಕು. ಐನೂರು ಆರುನೂರು ವ್ಯಾಟಿನ ವೇಗದ ಚಾರ್ಜರ್ ಎರಡು ಹಾಕಬಹುದು. ಮೂರನೆಯದು ಹಾಕಿದರೆ ಬ್ರೇಕರ್ ಬೀಳುವ ಸಂಭವ ಇದೆ. ಮನೆಯ ಬ್ಯಾಟರಿಯನ್ನು ಸಂಜೆ 4ರಿಂದ 9ರವರೆಗೆ ಬಿಟ್ಟು ಬೇರೆ ಹೊತ್ತಿನಲ್ಲಿ ತುಂಬಿ. ಆ ಐದು ಗಂಟೆ ಪಿಜಿ ಆಂಡ್ ಇ ದರ ಹೆಚ್ಚು, ಗ್ರಿಡ್ ಮೇಲೂ ಹೊರೆ ಹೆಚ್ಚು.

ಲಿಥಿಯಂ ಬ್ಯಾಟರಿಯಲ್ಲಿ ಬೆಂಕಿಯ ಭಯ ಸುಳ್ಳಲ್ಲ, ಆದರೆ ಅದು ಶಿಸ್ತಿಗೆ ಬಗ್ಗುತ್ತದೆ. ಕಂಪನಿಯ ಅಸಲಿ ಬ್ಯಾಟರಿಯನ್ನೇ ಕೊಳ್ಳಿ; ಅರ್ಧ ಬೆಲೆಗೆ ಸಿಗುವ ನಕಲಿನೊಳಗೆ ರಕ್ಷಣೆಯ ಸರ್ಕ್ಯೂಟ್ ಇದೆಯೋ ಇಲ್ಲವೋ ಯಾರು ಬಲ್ಲರು. ಬಿಸಿಲಲ್ಲಿ ಮುಚ್ಚಿದ ಕಾರು ಟ್ರಕ್ಕಿನೊಳಗೆ ಬಿಡಬೇಡಿ. ಒಣ ಎಲೆಯ ರಾಶಿ, ರಟ್ಟಿನ ಡಬ್ಬಗಳ ಪಕ್ಕ ಚಾರ್ಜ್ ಮಾಡಬೇಡಿ. ಕೆಳಗೆ ಬಿದ್ದು ಸೀಳಿದ್ದು, ಉಬ್ಬಿದ್ದು ಇದ್ದರೆ ಅದಕ್ಕೆ ಮತ್ತೆ ಕರೆಂಟ್ ಕೊಡಬೇಡಿ. ಸತ್ತ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಕಸದ ಲಾರಿಯಲ್ಲಿ ಜಜ್ಜಿಹೋಗಿ ಬೆಂಕಿ ಹೊತ್ತಿಕೊಳ್ಳುವುದು ಹೀಗೇ. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹಿಂದಕ್ಕೆ ಪಡೆಯುವ ಪೆಟ್ಟಿಗೆ ಇರುತ್ತದೆ, ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರವೂ ತೆಗೆದುಕೊಳ್ಳುತ್ತದೆ.

ಬ್ಯಾಟರಿಯನ್ನು ನೆಟ್ಟಗೆ ನೋಡಿದವರು ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಲಿಥಿಯಂ ತೆಗೆಯಲು, ಕೋಬಾಲ್ಟ್ ತೆಗೆಯಲು ಎಲ್ಲೋ ಯಾರದೋ ನೆಲ ಅಗೆಯುತ್ತಾರಲ್ಲ ಎಂದು. ನಿಜ. ಅದಕ್ಕೇ ನಾನು ಎಲ್ಲಕ್ಕೂ ಬ್ಯಾಟರಿ ಎನ್ನುವುದಿಲ್ಲ, ಕಡಿಮೆ ಊದೋಣ ಎನ್ನುತ್ತೇನೆ. ಮಲೆನಾಡಿನಿಂದ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಬೆಟ್ಟದಿಂದ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಅಡಿಕೆ ಮರದ ಬುಡಕ್ಕೆ ಹಾಕಿ ಬೆಳೆದ ಮನೆಗಳವರು. ಒಣಗಿದ ಎಲೆಗೆ ಅಲ್ಲಿ ಬೆಲೆಯಿತ್ತು. ಇಲ್ಲಿ ಅದೇ ಎಲೆಯನ್ನು ಗುಲಾಬಿಯ ಬುಡದಿಂದಲೂ ಊದಿಸಿ, ಹಸಿರು ಡಬ್ಬಕ್ಕೆ ತುಂಬಿಸಿ ಕಳಿಸಿ, ಮುಂದಿನ ತಿಂಗಳು ಅಂಗಡಿಯಿಂದ ಚೀಲಗಟ್ಟಲೆ ತೊಗಟೆ ಪುಡಿ ತಂದು ಅಲ್ಲೇ ಸುರಿಯುತ್ತೇವೆ. ಗಿಡದ ಪಾತಿಯೊಳಗಿನ ಎಲೆ ಅಲ್ಲೇ ಇರಲಿ. ತೇವ ಹಿಡಿಯುತ್ತದೆ, ಕಳೆ ತಡೆಯುತ್ತದೆ, ಎರೆಹುಳು ಬರುತ್ತವೆ. ಮೆಟ್ಟಿಲು, ಡ್ರೈವ್‌ವೇ, ಮೋರಿಯ ಬಾಯಿ, ಛಾವಣಿಯ ದೋಣಿ ಇವಿಷ್ಟು ಸ್ವಚ್ಛವಾದರೆ ಸಾಕು. ಬೆಂಕಿ ಅಪಾಯದ ಗುಡ್ಡದ ಅಂಚಿನಲ್ಲಿರುವವರು ಮಾತ್ರ ಗೋಡೆಗೆ ತಾಗಿದ ಐದು ಅಡಿ ಜಾಗದಲ್ಲಿ ಒಣ ಎಲೆ ಉಳಿಸಿಕೊಳ್ಳಬಾರದು. ಯಾರೂ ಕಾಲಿಡದ ಲಾನ್ ಇದ್ದರೆ ಅದನ್ನು ತೆಗೆಯುವ ಯೋಚನೆಯನ್ನೂ ಮಾಡಿ. ಸಾಂತಾ ಕ್ಲಾರಾ ಕೌಂಟಿಯಲ್ಲಿ ವ್ಯಾಲಿ ವಾಟರ್ ಸಂಸ್ಥೆ ಹುಲ್ಲು ತೆಗೆದು ಬರ ತಾಳುವ ಗಿಡ ಹಾಕುವವರಿಗೆ ಚದರಡಿ ಲೆಕ್ಕದಲ್ಲಿ ಹಣ ಕೊಡುತ್ತದೆ. ಲಾನ್ ಹೋದರೆ ಗಾರ್ಡನರ್ ಕೆಲಸ ಹೋಗುವುದಿಲ್ಲ. ಗಿಡ ಸವರುವುದು, ಹನಿ ನೀರಾವರಿ ಕೊಳವೆ ನೋಡುವುದು, ಪಾತಿ ಮಾಡುವುದು, ಇವು ಯಂತ್ರ ಹೊರುವುದಕ್ಕಿಂತ ಹೆಚ್ಚು ಕಸುಬು ಬೇಡುವ ಕೆಲಸಗಳು. ಹಣವೂ ಹೆಚ್ಚು ಕೊಡಬೇಕು.

ಟೌನ್‌ಹೌಸುಗಳಲ್ಲಿ ಇರುವವರೇ, ನಿಮಗೆ ಗಾರ್ಡನರ್ ಮುಖ ಪರಿಚಯವೇ ಇರುವುದಿಲ್ಲ, ಮನೆಯೊಡೆಯರ ಸಂಘ ಎಚ್‌ಒಎ ಗುತ್ತಿಗೆ ಕೊಟ್ಟಿರುತ್ತದೆ. ನಿಮ್ಮ ಕೈಯಲ್ಲಿರುವ ಬಲ ನಮಗಿಂತ ದೊಡ್ಡದು. ಒಂದು ಗುತ್ತಿಗೆಯಲ್ಲಿ ನೂರು ಮನೆ ಬರುತ್ತದೆ. ಬೋರ್ಡ್ ಸಭೆಗೆ ಹೋಗಿ, ಗುತ್ತಿಗೆ ನವೀಕರಿಸುವ ತಿಂಗಳು ಯಾವುದೆಂದು ಕೇಳಿ, ಬ್ಲೋವರ್ ಮತ್ತು ಟ್ರಿಮ್ಮರ್ ಬ್ಯಾಟರಿಯದೇ ಆಗಿರಬೇಕೆಂಬ ಷರತ್ತನ್ನೂ, ಅದಕ್ಕೆ ಬೇಕಾದ ಹೆಚ್ಚುವರಿ ಹಣವನ್ನೂ ಒಟ್ಟಿಗೇ ಮಂಡಿಸಿ. ಷರತ್ತು ಮಾತ್ರ ಹಾಕಿ ದರ ಏರಿಸದಿದ್ದರೆ ಗುತ್ತಿಗೆದಾರ ಅದನ್ನು ಕೂಲಿಯವರ ಸಂಬಳದಿಂದ ಮುರಿಯುತ್ತಾನೆ.

ಇನ್ನು ಮಾತಾಡುವ ರೀತಿ. ಕೆಲಸ ನಡೆಯುತ್ತಿರುವಾಗ ಬಾಗಿಲಲ್ಲಿ ನಿಂತು ಇದನ್ನು ಹೇಳಬೇಡಿ. ಅವರಿಗೆ ಅದು ಗದರಿಕೆಯಂತೆ, ಕೆಲಸ ಹೋಗುವ ಸೂಚನೆಯಂತೆ ಕೇಳಿಸುತ್ತದೆ. ತಿಂಗಳ ಹಣ ಕೊಡುವಾಗ ನೆರಳಲ್ಲಿ ನಿಂತು, ನೀರು ಕೊಟ್ಟು ಹೇಳಿ. ಮೂರು ವಿಷಯ ಬಿಡಿಸಿ ತಿಳಿಸಿ. ಯಂತ್ರ ಕೆಟ್ಟರೆ, ಬಿದ್ದು ಒಡೆದರೆ ರಿಪೇರಿ ನಮ್ಮದು. ಬ್ಯಾಟರಿಯಿಂದ ಐದು ನಿಮಿಷ ತಡವಾದರೆ ಅದರ ಹಣ ಸೇರಿಸಿ ಕೊಡುತ್ತೇವೆ. ಎಲೆ ಒಂದೂ ಉಳಿಯಬಾರದೆಂಬ ನಿರೀಕ್ಷೆ ನಮಗಿಲ್ಲ. ಈ ಮೂರನೆಯದನ್ನು ಒತ್ತಿ ಹೇಳಿ, ಏಕೆಂದರೆ ಅವರು ಪೂರ್ಣ ವೇಗದಲ್ಲಿ ಅಷ್ಟು ಹೊತ್ತು ಊದುವುದು ಎಲೆ ಉಳಿದರೆ ನಮಗೆ ಬೇಸರವಾದೀತೆಂಬ ಹೆದರಿಕೆಯಿಂದ. ನಮ್ಮ ಎಷ್ಟೋ ಮಕ್ಕಳು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾರೆ. ಅವರನ್ನು ಜೊತೆಗೆ ನಿಲ್ಲಿಸಿಕೊಳ್ಳಿ, ಅಂಗಳ ನೋಡಿಕೊಳ್ಳುವ ಹಿರಿಯರ ಹೆಸರು ಹಿಡಿದು, ಗೌರವದಿಂದ ಮಾತಾಡುವುದನ್ನು ಅವರೂ ಕಲಿಯಲಿ.

ತಮ್ಮ ಅಂಗಳ ತಾವೇ ನೋಡಿಕೊಳ್ಳುವವರಿಗೆ ಹೇಳುವುದು ಕಡಿಮೆ. ನಿಮಗೆ ಬ್ಯಾಟರಿ ಸಾಲದೆಂಬ ಸಮಸ್ಯೆಯೇ ಇಲ್ಲ, ಇವತ್ತೇ ಬದಲಿಸಬಹುದು. ಹಳೆಯ ಪೆಟ್ರೋಲ್ ಯಂತ್ರವನ್ನು ಮಾತ್ರ ಮಾರಬೇಡಿ, ದಾನವೂ ಮಾಡಬೇಡಿ; ಅದು ಇನ್ನೊಬ್ಬರ ಬೆನ್ನೇರಿ ಇನ್ನೊಂದು ಬೀದಿಯಲ್ಲಿ ಓಡುತ್ತದೆ. ಉಳಿದ ಪೆಟ್ರೋಲ್ ಮತ್ತು ಎಣ್ಣೆಯನ್ನು ಕೌಂಟಿಯ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟು, ಖಾಲಿ ಯಂತ್ರವನ್ನು ಗುಜರಿಗೆ ಹಾಕಿ.

ನಮ್ಮ ಬೀದಿಗಳ ಲಿಕ್ವಿಡಂಬರ್, ಪಿಸ್ತಾಶ್ ಮರಗಳು ಎಲೆ ಉದುರಿಸುವುದು ನವೆಂಬರ್ ಹೊತ್ತಿಗೆ. ಬ್ಲೋವರ್‌ಗಳ ಸುಗ್ಗಿ ಆಗಲೇ. ರಾಜ್ಯೋತ್ಸವಕ್ಕೆ ನಾವೆಲ್ಲ ಒಂದೆಡೆ ಸೇರುವುದೂ ಆಗಲೇ. ಕನ್ನಡ ಕೂಟದ ಕಾರ್ಯಕರ್ತರಲ್ಲಿ ನನ್ನ ಕೋರಿಕೆ ಇದು: ಊಟದ ಸಭಾಂಗಣದ ಹೊರಗೆ ಒಂದು ಮೇಜು ಹಾಕಿಸಿ. ಬ್ಯಾಟರಿ ಬ್ಲೋವರ್, ಟ್ರಿಮ್ಮರ್ ಮನೆಯಲ್ಲಿರುವವರು ತಂದು ತೋರಿಸೋಣ, ಜನ ಕೈಯಲ್ಲಿ ಹಿಡಿದು ತೂಕ ನೋಡಲಿ, ಸದ್ದು ಕೇಳಲಿ. ಪಕ್ಕದಲ್ಲಿ ಒಂದು ಪುಸ್ತಕವಿರಲಿ. ಬಡಾವಣೆಯ ಹೆಸರು, ಗಾರ್ಡನರ್ ಬರುವ ವಾರ ಬರೆದಿಟ್ಟರೆ, ಒಂದೇ ಬೀದಿಯವರು ಒಬ್ಬರಿಗೊಬ್ಬರು ಸಿಕ್ಕಿ ಒಟ್ಟಿಗೆ ಕೊಳ್ಳಲು ಅನುಕೂಲ. ಮೇಜಿನ ಹತ್ತಿರ ಬೆಳಗಿನಿಂದ ನಾನಿರುತ್ತೇನೆ. ಇನ್ನಿಬ್ಬರು ಜೊತೆಯಾದರೆ ದಿನವಿಡೀ ನಡೆಸಬಹುದು.

ಇಂತು ನಿಮ್ಮವನಾದ,
ಸೌತ್ ಬೇಯ ಒಬ್ಬ ಕನ್ನಡಿಗ